ಸಡಿಲಿಸಿಟ್ಟ ತಂತಿಗಳು

ವೈಮೆಯಾ ಊರಿನ ದನಗಾಹಿಗಳಲ್ಲಿ ನನ್ನ ದೊಡ್ಡಪ್ಪ ಲೂಕೆಲಾನಂತೆ ಗಿಟಾರ್ ನುಡಿಸುವವರು ಇರಲಿಲ್ಲ. ನುಡಿಸಿ ಮುಗಿದ ಮೇಲೆ ಒಂದೊಂದೇ ತಂತಿ ಮೀಟಿ, ಬಿರಟೆ ತಿರುಗಿಸಿ, ಆರನ್ನೂ ಸಡಿಲಿಸಿಯೇ ಗಿಟಾರ್ ಕೆಳಗಿಡುತ್ತಿದ್ದ. ನಮ್ಮ ಹವಾಯಿಯಲ್ಲಿ ಶ್ರುತಿ ಎಂದರೆ ಮನೆತನದ ಆಸ್ತಿ. ಯಾವ ತಂತಿಗೂ ಯಾವ ತಂತಿಗೂ ಸ್ವರದಲ್ಲಿ ಎಷ್ಟು ಅಂತರ ಎಂಬುದು ಹೊರಗಿನವರಿಗೆ ತಿಳಿಯಬಾರದು. ಆದರೆ ಆ ಆಸ್ತಿಗೆ ಮನೆಯಲ್ಲಿ ಇದ್ದವಳು ಅವನ ಒಬ್ಬಳೇ ಮಗಳು ನೊಹೆಯಾ.

ಕಲಿಸೆಂದು ಅವಳು ಕೇಳಿದಾಗ ದೊಡ್ಡಪ್ಪನಿಂದ, ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂಬ ಮಾತೇ ಬಂತು.

"ನಾಳೆ ಇನ್ನೊಬ್ಬರ ಮನೆ ಸೇರೋಳು ನೀನು. ಶ್ರುತೀನೂ ಕಟ್ಕೊಂಡು ಹೋಗ್ತೀಯ."

ಕುದುರೆಯ ಜೀನು ಹೊಲಿಯುವ ಐನೋವಾ ಅವಳನ್ನು ಮೆಚ್ಚಿ ಮನೆಗೇ ಬಂದು ಕೇಳಿದ. ಒಲ್ಲೆನೆಂದು ಕಳಿಸಿಬಿಟ್ಟಳು. ನಿನಗೇನು ತಲೆ ಕೆಟ್ಟಿದೆಯೇ ಎಂದು ನಾನು ಬೈದೆ.

"ಹೋಗೋ ಮನೇನೇ ಇಲ್ಲ ಅಂದ್ಮೇಲೆ ಅಪ್ಪ ಕಲಿಸ್ಲೇಬೇಕಲ್ವೇನೆ?" ಎಂದಳು.

ಅವನು ಕಲಿಸಲಿಲ್ಲ. ಅವಳ ತಲೆ ನರೆಯಿತು. ಅಡುಗೆಮನೆಯಲ್ಲಿ ಪಾತ್ರೆ ಉಜ್ಜುತ್ತಲೇ ಅಂತರಗಳನ್ನು ಕಿವಿಯಲ್ಲಿ ಹಿಡಿದಳು. ಒಂದು ಅಂತರ ಚರ್ಚಿನ ಹಾಡಿನ ಮೊದಲ ಏರಿನಷ್ಟು; ಇನ್ನೊಂದು ಅಪ್ಪ ಕರುಗಳನ್ನು ಕರೆಯುವ ಕೂಗು ಇಳಿಯುವಷ್ಟು. ಬಟ್ಟೆ ಒಗೆಯುವಾಗ ಅವನ್ನೇ ಗುನುಗುತ್ತಿದ್ದಳು, ಅವನು ದನದ ಹಿಂದೆ ಹೋಗಿದ್ದಾಗ ಮಾತ್ರ.

ಆಮೇಲೆ ಲಕ್ವ ಹೊಡೆದು ದೊಡ್ಡಪ್ಪನ ಎಡಮೈ ಬಿದ್ದುಹೋಯಿತು, ಮಾತೂ ನಿಂತಿತು. ಉಣಿಸುವುದು, ತೊಳೆಯುವುದು ಎಲ್ಲ ನೊಹೆಯಾಳದೇ. ಒಂದು ಭಾನುವಾರ ನಾನು ಅಲ್ಲೇ ಇದ್ದೆ. ಅವಳು ಗಿಟಾರ್ ತೆಗೆದು ಅವನೆದುರು ಕುಳಿತು ತಂತಿ ಬಿಗಿದಳು. ಒಂದೂ ತಪ್ಪಲಿಲ್ಲ. ಅವನದೇ ಹಾಡು ನುಡಿಸಿದಳು. ಮುದುಕನ ಕಣ್ಣಲ್ಲಿ ನೀರು ಬಂತು. ಸದ್ಯ, ಕೊನೆಗಾಲಕ್ಕಾದರೂ ಕರಗಿದನಲ್ಲ ಎಂದುಕೊಂಡೆ.

ಅವನು ಬಲಗೈ ಚಾಚಿದ. ಅವಳು ಖುಷಿಯಿಂದ ಗಿಟಾರನ್ನು ಅವನ ಮಡಿಲಲ್ಲಿಟ್ಟಳು. ಅವನು ಒಂದು ತಂತಿ ಮೀಟಿ, ಅದೇ ಕೈಯಲ್ಲಿ ಬಿರಟೆ ತಿರುಗಿಸಿ ಸಡಿಲಿಸಿದ. ಮತ್ತೊಂದು ಮೀಟಿ, ಅದನ್ನೂ. ಹೀಗೇ ಆರನ್ನೂ ಸಡಿಲಿಸಿದ.

"ಹಿಂಗೇ ಕಣಪ್ಪ ನಾನು ಕಲ್ತಿದ್ದು," ಎಂದಳು ನೊಹೆಯಾ. "ದಿನಾ ಸಂಜೆ ಒಂದೊಂದೇ ಮೀಟಿ ನೀನೇ ಕೇಳಿಸ್ತಿದ್ದೆ."

ಆ ಮುದುಕನ ಮೇಲೆ ನನ್ನ ಸಿಟ್ಟು ಇವತ್ತಿಗೂ ಇಳಿದಿಲ್ಲ. ಸಾಯುವವರೆಗೂ ಅವನು ಗಿಟಾರನ್ನು ಮಡಿಲಿಂದ ಬಿಡಲಿಲ್ಲ. ಅದರ ಮೇಲೆ ಚೆಲ್ಲದಂತೆ ಒಂದು ಬಟ್ಟೆ ಹಾಸಿ, ನೊಹೆಯಾ ಅವನಿಗೆ ಕೆಸುವಿನ ಗೆಡ್ಡೆ ಅರೆದ ಪೋಯಿ ತಿನ್ನಿಸುತ್ತಿದ್ದಳು.