ಆಣೆ ಮಾಡದ ನೀರುಗಂಟಿ

ಬೆಟ್ಟದ ತುದಿಯ ಹಿಮಕ್ಕೆ ಇನ್ನೂ ಬಿಸಿಲು ತಾಗಿಲ್ಲ. ಸಾರಿ-ಟಾಲಾ ಊರಿನ ಮೇಲ್ಗಡೆಯ ತೂಬಿನ ಬಳಿ ತುರುಸ್‌ಬೆಕ್ ಮೊಣಕಾಲುದ್ದ ನೀರಿನಲ್ಲಿ ನಿಂತು ಕಬ್ಬಿಣದ ಹಲಗೆಯನ್ನು ಎತ್ತುತ್ತಿದ್ದಾರೆ. ರಾತ್ರಿಯವರೆಗೂ ಹಿಮಗಡ್ಡೆಯಾಗಿದ್ದ ನೀರು ಅದು. ರಬ್ಬರ್ ಬೂಟುಗಳಲ್ಲಿ ಎಡಗಾಲಿನದು ಸೋರುತ್ತದೆ. ಹಲಗೆ ಎದ್ದ ಮೇಲೆ ಹುಲ್ಲುಹೆಂಟೆಗಳನ್ನು ಸನಿಕೆಯಿಂದ ಒಂದು ಕಡೆ ಒತ್ತಿ, ಇನ್ನೊಂದು ಕಡೆ ಬಿಡಿಸುತ್ತಾರೆ. ನೀರು ಒಂದು ಗಳಿಗೆ ಯೋಚಿಸಿದಂತೆ ಮಾಡಿ, ಕೆಳಗಿನ ಬೀದಿಯ ಕಾಲುವೆಗೆ ಇಳಿಯುತ್ತದೆ.

ದಂಡೆಯ ಮೇಲೆ ಬಾತ್ಮಾ ಎಂಬ ವಿಧವೆ ಸನಿಕೆ ಊರಿಕೊಂಡು ಕಾಯುತ್ತಿದ್ದಾಳೆ. ತನ್ನ ಸರದಿಯ ನೀರು ತಡವಾಗಿದೆ ಎಂದು ಜಗಳಕ್ಕೆ ಮನೆಯಿಂದಲೇ ತಯಾರಾಗಿ ಬಂದವಳು. ತುರುಸ್‌ಬೆಕ್ ತಲೆ ಎತ್ತದೆ ಹೇಳುತ್ತಾರೆ: "ತಡ ಆಗಿದೆ ಅಕ್ಕಾ. ನಾನೇ ತಡ ಮಾಡ್ದೆ. ಎಷ್ಟು ತಡ ಆಯ್ತೋ ಅಷ್ಟು ಹೊತ್ತು ಕಡೇಲಿ ಹೆಚ್ಚಿಗೆ ತಗೋ." ಬಾತ್ಮಾಳ ಮುಖ ಸಪ್ಪೆಯಾಗುತ್ತದೆ. ಹಿಂದಿನ ನೀರುಗಂಟಿ ಇದ್ದಾಗ ಬೆಳಗ್ಗೆ ಬೆಳಗ್ಗೆ ಒಂದು ಒಳ್ಳೆ ಜಗಳವಾದರೂ ಸಿಗುತ್ತಿತ್ತು, ಇವನ ಹತ್ತಿರ ಅದಕ್ಕೂ ಗತಿಯಿಲ್ಲ ಎಂದು ಗೊಣಗುತ್ತಾ ಆಲೂಗಡ್ಡೆ ಸಾಲಿನ ಕಡೆ ನಡೆಯುತ್ತಾಳೆ.

ಇಸಿಕ್-ಕುಲ್ ಸರೋವರದ ದಕ್ಷಿಣ ದಡದ ಈ ಊರುಗಳಲ್ಲಿ ಮಳೆಯನ್ನು ನಂಬಿ ಯಾರೂ ಬೀಜ ಹಾಕುವುದಿಲ್ಲ. ಬೆಟ್ಟದಿಂದ ಇಳಿಯುವ ಒಂದು ಹೊಳೆ, ಅದರಿಂದ ಸೀಳಿದ ಕಾಲುವೆಗಳು, ಗಳಿಗೆಯ ಲೆಕ್ಕದಲ್ಲಿ ಮನೆಮನೆಗೆ ಸರದಿ. ಸರದಿ ಕಾಯುವವನಿಗೆ ಇಲ್ಲಿ ಮುರಾಪ್ ಎನ್ನುತ್ತಾರೆ. ನಮ್ಮ ನೀರುಗಂಟಿಯೇ. ಕೆಲಸ ವಸಂತದಿಂದ ಶರತ್ಕಾಲದವರೆಗೆ, ಬೈಗುಳ ವರ್ಷವಿಡೀ. ತುರುಸ್‌ಬೆಕ್ ದಿನಕ್ಕೆರಡು ಸಲ ಕಾಲುವೆಯುದ್ದ ನಡೆಯುತ್ತಾರೆ, ಬೇಸಿಗೆಯ ನಡುವೆ ಮೂರು ಸಲ. ವಯಸ್ಸು ಐವತ್ತೆಂಟು. ಈ ಕೆಲಸಕ್ಕೆ ಸೇರಿ ಹನ್ನೊಂದು ವರ್ಷ. ಕ್ರೈಸ್ತರಾಗಿ ಹದಿನಾಲ್ಕು.

ಕ್ರೈಸ್ತರಾದದ್ದು ಹೇಗೆಂದು ಕೇಳಿದರೆ ದೊಡ್ಡ ಕಥೆಯೇನೂ ಹೇಳುವುದಿಲ್ಲ. ಆಗ ಅವರು ಕುಡಿಯುತ್ತಿದ್ದರು. ಊರಿನ ಮಾತಿನಲ್ಲಿ ಹೇಳುವುದಾದರೆ, ಬಾಟಲಿಯೇ ಅವರನ್ನು ಕುಡಿಯುತ್ತಿತ್ತು. ಹೆಂಡತಿ ಸಾಯ್ರಾ ಪಕ್ಕದ ಊರಿನ ಪ್ರಾರ್ಥನೆ ಮನೆಗೆ ಹೋಗತೊಡಗಿದ್ದು ಕಿವಿಗೆ ಬಿತ್ತು. ಜುಟ್ಟು ಹಿಡಿದು ಎಳೆದು ತರುತ್ತೇನೆಂದು ಹೊರಟರು. ಒಳಗೆ ಎಂಟು ಹತ್ತು ಜನ ದುಂಡಗೆ ಕೂತು ಕೊಮುಜ್ ಎಂಬ ಮೂರು ತಂತಿಯ ವಾದ್ಯ ಮೀಟಿಕೊಂಡು ಹಾಡುತ್ತಿದ್ದರು. ಯಾರೋ ಜಾಗ ಸರಿಸಿ, ಕೈಗೆ ಚಹಾದ ಬಟ್ಟಲು ಕೊಟ್ಟರು. "ಚಹಾ ಕೈಲಿದ್ರೆ ಹೊಡೆಯೋಕಾಗಲ್ಲ, ನೋಡಿ. ಕೂತ್ಕೊಂಡೆ. ಆಮೇಲೆ ಏಳಲಿಲ್ಲ, ಅಷ್ಟೇ" ಎನ್ನುತ್ತಾರೆ. ಸಾಯ್ರಾ ಒಳಗಿನಿಂದ ತಿದ್ದುತ್ತಾಳೆ: "ಎದ್ರು. ಮೂರು ಸಲ ಎದ್ದು ಮತ್ತೆ ಕುಡಿದ್ರು. ನಾಲ್ಕನೇ ಸಲ ಕೂತಿದ್ದು."

ಮುಸ್ಲಿಮರ ಊರಿನಲ್ಲಿ ಕ್ರೈಸ್ತರಾಗಿ ಕಳೆದುಕೊಂಡಿದ್ದಕ್ಕೆ ಸಾಕ್ಷಿಗಳು ಬೇಕಾದಷ್ಟಿದ್ದಾರೆ. ಮದುವೆಯೂಟದಲ್ಲಿ ಕುರಿಯ ಮೂಳೆಗಳನ್ನು ವಯಸ್ಸು, ಮರ್ಯಾದೆ ನೋಡಿ ಹಂಚುವುದು ಇಲ್ಲಿನ ಕಟ್ಟು. ಇವರ ಓರಗೆಯವರಿಗೆ ತೊಡೆಯ ಮೂಳೆ ಬಂದರೆ, ಇವರ ಮುಂದೆ ಕಿರಿಯ ಅಳಿಯಂದಿರಿಗೆ ಕೊಡುವ ಕಡೆಯ ದರ್ಜೆಯ ಮೂಳೆ ಬೀಳುತ್ತದೆ. ಮೊದಲ ಸಲ ಎದ್ದು ಬಂದಿದ್ದರಂತೆ. ಈಗ ತಿನ್ನುತ್ತಾರೆ, ಮಾಂಸ ಅದೇ ಕುರಿಯದು ತಾನೇ ಎಂಬುದು ಸಾಯ್ರಾಳ ವಾದ. ವಿದೇಶದವರು ಎಷ್ಟು ಕೊಟ್ಟು ಕೊಂಡುಕೊಂಡರು ಎಂದು ಕೆಣಕುವವರಿಗೆ ಅವರು ಸೋರುವ ಎಡಗಾಲಿನ ಬೂಟನ್ನು ತೋರಿಸುತ್ತಾರೆ.

ಆದರೆ ನಿಜವಾಗಿ ಕೈತಪ್ಪಿದ್ದು ಅಪ್ಪ. ಊರಿನವರು ಕಾಸಿಮಾಲಿ ಅಜ್ಜ ಎನ್ನುವ ಆ ಅಪ್ಪನಿಗೆ ಎಂಬತ್ತು ದಾಟಿದೆ. ಎರಡು ಬೀದಿ ಕೆಳಗೆ ಕಿರಿಯ ಮಗ ಉಲಾರ್‌ಬೆಕ್ ಜೊತೆ ಇದ್ದಾರೆ. ಇಲ್ಲಿ ತಂದೆ ಸತ್ತರೆ ಹೆಣವನ್ನು ಬಿಳಿ ಡೇರೆಯಲ್ಲಿಡುತ್ತಾರೆ. ಗಂಡುಮಕ್ಕಳು ಹೊರಗೆ ಕೋಲೂರಿ, ಬಗ್ಗಿ ನಿಂತು, ಬಂದವರೆದುರು ಗಟ್ಟಿಯಾಗಿ ಅಳಬೇಕು. ಆಮೇಲೆ ಗುಂಡಿಗೆ ಮೊದಲ ಮಣ್ಣು ಅವರದು. ಕೋಲು ಹಿಡಿಯದ ಮಗ ಮಗನಲ್ಲ. ಹದಿನಾಲ್ಕು ವರ್ಷದ ಹಿಂದೆ, ಹಿರಿಯ ಮಗ ಕ್ರೈಸ್ತನಾದ ಸುದ್ದಿ ತಲುಪಿದ ದಿನ, ಅಜ್ಜ ಅಂಗಳದಲ್ಲಿ ನಿಂತು ನಾಲ್ಕು ಜನರ ಮುಂದೆ ಹೇಳಿದ್ದು ಇಷ್ಟೇ: "ನನ್ನ ಡೇರೆ ಮುಂದೆ ನೀನು ಕೋಲು ಹಿಡೀಬೇಡ. ನಿನ್ನ ಕೈ ಮಣ್ಣು ನನ್ನ ಮೇಲೆ ಬೀಳ್ಬಾರ್ದು."

ಅಲ್ಲಿಂದೀಚೆಗೆ ಅಪ್ಪ-ಮಗನ ನಡುವೆ ಮಾತೇನಿದ್ದರೂ ನೀರಿನದು. ಅದೂ ಆರು ವರ್ಷದ ಹಿಂದೆ ಕೆಟ್ಟಿತು. ಆ ಬೇಸಿಗೆ ಹೊಳೆ ಸೊರಗಿ, ಅಜ್ಜನ ಜರ್ದಾಲು ಮರಗಳು ಕಾಯಿ ಹೊತ್ತುಕೊಂಡೇ ಬಾಡತೊಡಗಿದವು. ಅವು ಅಜ್ಜ ತಮ್ಮ ಮದುವೆಯ ವರ್ಷ ನೆಟ್ಟ ಮರಗಳು. ಅರ್ಧ ಗಳಿಗೆ ಹೆಚ್ಚಿಗೆ ಬಿಡು ಎಂದು ಅಜ್ಜ ತಾವೇ ಕಾಲುವೆಗೆ ಬಂದು ಕೇಳಿದರು. ಕೇಳುವುದು ಅವರ ಜಾಯಮಾನವಲ್ಲ. ಮಗ ಆಗುವುದಿಲ್ಲ ಎಂದರು. ತಮ್ಮ ಸ್ವಂತ ಸರದಿಯನ್ನು ಮಾತ್ರ, ಯಾರಿಗೂ ಹೇಳದೆ, ಅಪ್ಪನ ತೋಟದ ಕಡೆ ತಿರುಗಿಸಿದರು. ಸಾಯ್ರಾಳ ಆಲೂಗಡ್ಡೆ ಹೋಯಿತು. ಜರ್ದಾಲು ಕೂಡ ಪೂರ್ತಿ ಉಳಿಯಲಿಲ್ಲ. ಐದು ಮರ ಒಣಗಿದವು. ಅಜ್ಜ ಅವನ್ನು ಕಡಿಸಲಿಲ್ಲ. ಇವತ್ತಿಗೂ ಬೀದಿಗೆ ಕಾಣುವ ಹಾಗೆ ನಿಂತಿವೆ. ಬೇರೆ ಊರಿನಲ್ಲಾಗಿದ್ದರೆ ಅವಕ್ಕೊಂದು ಫಲಕವನ್ನೂ ಹಾಕುತ್ತಿದ್ದರೇನೋ.

ಲಾಭದ ಪಟ್ಟಿ ಚಿಕ್ಕದು. ಬಾಟಲಿ ಬಿಟ್ಟಿತು. ಕಾಲುವೆಯಲ್ಲಿ ಸನಿಕೆ ಎತ್ತಿದವನೆದುರು ಸನಿಕೆ ಎತ್ತುವ ಚಾಳಿಯೂ ಬಿಟ್ಟಿತು. ಭಾನುವಾರ ಎಂಟು ಜನ ಸೇರಿ ಹಾಡುತ್ತಾರೆ. ಇವರ ಸ್ವರ ಒಡಕು, ಯಾರೂ ಬೇಡವೆನ್ನುವುದಿಲ್ಲ. ಇನ್ನೇನು ಎಂದರೆ ಸ್ವಲ್ಪ ಯೋಚಿಸಿ ಹೇಳುತ್ತಾರೆ: "ಸಾಯ್ರಾ ನನ್ನ ಹೆಜ್ಜೆ ಸದ್ದಿಗೆ ಮೊದಲು ಮಕ್ಕಳನ್ನ ಒಳಗೆ ಕರ್ಕೊಳ್ತಿದ್ಲು. ಈಗ ಒಲೆ ಮೇಲೆ ಚಹಾ ಇಡ್ತಾಳೆ." ಸಾಯ್ರಾ ಇದನ್ನು ತಿದ್ದುವುದಿಲ್ಲ.

ಈ ವಸಂತದಲ್ಲಿ ಕೆಲಸವೇ ಹೋಗುವಂತಿತ್ತು. ಪ್ರತಿ ವರ್ಷ ನೀರು ಬಿಡುವ ಮೊದಲು ಊರು ಕೂಡಿ ನೀರುಗಂಟಿಯನ್ನು ಆರಿಸುತ್ತದೆ. ಹೊಸದಾಗಿ ಬಂದ ಮೋಲ್ಡೋ, ಅಂದರೆ ಮಸೀದಿಯ ಗುರು, ಸಭೆಯಲ್ಲಿ ಎದ್ದು ನಿಂತರು. ವಯಸ್ಸು ಚಿಕ್ಕದು, ಕೆಟ್ಟವರೇನಲ್ಲ. ಹೋದ ಬೇಸಿಗೆಯಲ್ಲಿ ಕ್ರೈಸ್ತರ ಮನೆಗಳಿಗೆ ಕದ್ದು ನೀರು ಹೋಯಿತೆಂದು ಜನ ಆಡಿಕೊಳ್ಳುತ್ತಿದ್ದಾರೆ, ಇಲ್ಲವೆಂದಾದರೆ ತುರುಸ್‌ಬೆಕ್ ಆಣೆ ಮಾಡಲಿ, ಮುಗಿಯಿತು ಎಂದರು. ನ್ಯಾಯವಾದ ಮಾತೇ. ನೀರಿನ ಜಗಳ ಇಲ್ಲಿ ರೊಟ್ಟಿ ಮುಟ್ಟಿ ಆಣೆ ಮಾಡಿದರೆ ತೀರುತ್ತದೆ. ಯಾರೋ ಬಟ್ಟೆ ಹಾಸಿ ದುಂಡು ರೊಟ್ಟಿಯೊಂದನ್ನು ಇಟ್ಟೂ ಆಯಿತು.

ತುರುಸ್‌ಬೆಕ್ ಎದ್ದು, "ಕೊಟ್ಟಿಲ್ಲ" ಎಂದರು.

"ರೊಟ್ಟಿ ಮುಟ್ಟಿ ಹೇಳಪ್ಪಾ."

"ಕೊಟ್ಟಿಲ್ಲ ಅಂದ್ನಲ್ಲ. ರೊಟ್ಟಿ ಮುಟ್ಟಿದ್ರೆ ಅದು ಇನ್ನೂ ಜಾಸ್ತಿ ಕೊಟ್ಟಿಲ್ಲ ಆಗುತ್ತಾ?"

ಹೌದಾದರೆ ಹೌದು, ಇಲ್ಲವಾದರೆ ಇಲ್ಲ, ಅದರಾಚೆ ಆಣೆ ಕೂಡದು ಎಂಬುದು ಅವರ ಪ್ರಾರ್ಥನೆ ಮನೆಯ ನಿಯಮ. ಊರಿಗೆ ಕಂಡದ್ದು ಮಾತ್ರ ರೊಟ್ಟಿಗೆ ಹೆದರಿದ ಮನುಷ್ಯ. ಕಳ್ಳನಲ್ಲದಿದ್ದರೆ ಕೈ ಯಾಕೆ ಚಾಚುವುದಿಲ್ಲ ಎಂದು ಹಿಂದಿನ ಸಾಲಿನವರು ಕೇಳಿದರು. ಬೇರೆ ಹೆಸರುಗಳು ತೇಲತೊಡಗಿದವು.

ಆಗ ಮುಂದಿನ ಬೆಂಚಿನಿಂದ ಕಾಸಿಮಾಲಿ ಅಜ್ಜ ಎದ್ದರು. ಏಳುವುದಕ್ಕೆ ಅವರಿಗೆ ಸಾಕಷ್ಟು ಹೊತ್ತು ಹಿಡಿಯಿತು. ಅಪ್ಪನೇ ಮಗನನ್ನು ಕೆಳಗಿಳಿಸುತ್ತಾನೆ ಎಂದುಕೊಂಡವರೇ ಹೆಚ್ಚು.

"ನನ್ನ ಮರ ಸಾಯ್ತಾ ಇದ್ವು" ಎಂದರು ಅಜ್ಜ. "ನಾನು ಇವನ ಹತ್ರ ಹೋಗಿ ಬೇಡ್ದೆ. ಇವನು ತನ್ನ ಪಾಲು ತಿರುಗಿಸ್ದ. ನನಗೆ ಗೊತ್ತಾಗ್ಲಿಲ್ಲ ಅಂದ್ಕೊಂಡಿದ್ದಾನೆ, ಪೆದ್ದ. ಇವನ ಹೆಂಡ್ತಿ ಆಲೂಗಡ್ಡೆ ಒಣಗಿದ್ದು ನನಗೆ ಕಾಣಲ್ವಾ? ಆದ್ರೆ ನಿಮ್ಮ ಪಾಲಿಂದ ನನಗೊಂದು ಚೊಂಬು ಬಿಡಲಿಲ್ಲ. ಹೆತ್ತ ಅಪ್ಪನಿಗೆ ಕದ್ದು ಕೊಡದ ಮಗ ಇನ್ನೊಬ್ಬರಿಗೆ ಕೊಡ್ತಾನಾ? ಐದು ಮರ ನಿಂತಿದಾವೆ, ಹೋಗಿ ನೋಡ್ಕೊಳ್ಳಿ. ರೊಟ್ಟಿ ಎತ್ತಿಡಿ, ಒಣಗುತ್ತೆ."

ಇದು ಹೊಗಳಿಕೆಯೋ ದೂರೋ ಎಂದು ಸಭೆಗೆ ತಕ್ಷಣ ಗೊತ್ತಾಗಲಿಲ್ಲ. ಮೋಲ್ಡೋ ಕೂತರು. ಹಾಗಾದರೆ ಇವನೇ ಇರಲಿ ತಾನೇ ಎಂದು ಒಬ್ಬರು ಕೇಳಿದ್ದಕ್ಕೆ ಅಜ್ಜ ಮಗನ ಕಡೆ ನೋಡದೆಯೇ ಹೇಳಿದರು: "ನೀರಿಗೆ ಇರ್ಲಿ. ನೀರು ಬೇರೆ, ಮಣ್ಣು ಬೇರೆ."

ಹೀಗೆ ಕೆಲಸ ಉಳಿಯಿತು, ಶಾಪವೂ ಉಳಿಯಿತು. ಮಗ ಮರುದಿನ ಬೆಳಗ್ಗೆ ಎಂದಿನಂತೆ ತೂಬಿಗೆ ಹೋದರು. ಅಪ್ಪ ಎಂದಿನಂತೆ ಮಾತು ಬಿಟ್ಟೇ ಇದ್ದರು.

ಬೇಸಿಗೆ ಹತ್ತಿರವಾದಾಗ ತಮ್ಮ ಉಲಾರ್‌ಬೆಕ್ ಕಾಲುವೆಗೆ ಬಂದು, ಅದು ಇದು ಮಾತಾಡಿ, ಹೋಗುವಾಗ ಒಂದು ಸುದ್ದಿ ಹೇಳಿದ. ಇಲ್ಲಿನ ಮುದುಕರು ತಮ್ಮ ಸಾವಿಗೆ ಬೇಕಾದ್ದನ್ನು ತಾವೇ ಒದಗಿಸಿಕೊಳ್ಳುತ್ತಾರೆ: ಹೊದಿಸುವ ಬಟ್ಟೆ, ಸಾವಿನೂಟಕ್ಕೆ ಕೊಯ್ಯುವ ಕುದುರೆ, ಮಕ್ಕಳು ಊರುವ ಕೋಲು. ಅಜ್ಜ ಕೊಟ್ಟಿಗೆಯ ಜಂತೆಗೆ ಹಲವು ವರ್ಷಗಳಿಂದ ಒಂದೇ ಕೋಲು ಕಟ್ಟಿಟ್ಟಿದ್ದರು. ಈಗ ಅಲ್ಲಿ ಎರಡಿವೆ. ಎರಡನೆಯದು ಹಸಿ, ಕೆಂಪು ತೊಗಟೆ ಇನ್ನೂ ಹೊಳೆಯುತ್ತಿದೆ. ತಮ್ಮ ಕುಳ್ಳ, ಅಣ್ಣ ಎತ್ತರದ ಆಳು. ಹೊಸ ಕೋಲು ಹಳೆಯದಕ್ಕಿಂತ ಒಂದು ಗೇಣು ಉದ್ದ.

ಅದು ಯಾರಿಗೆ ಎಂದು ಅಜ್ಜನನ್ನೇ ಕೇಳಿದರೆ, ಬಿಸಿಲು ಕಾಯಿಸಿಕೊಳ್ಳುತ್ತಾ ಕೂತವರು ಟೋಪಿ ಸರಿಮಾಡಿಕೊಳ್ಳುತ್ತಾರೆ. "ಒಂದು ಮುರಿದ್ರೆ ಇನ್ನೊಂದು ಇರ್ಲಿ ಅಂತ. ಈಗಿನ ಕಟ್ಟಿಗೇನ ನಂಬೋಕಾಗುತ್ತಾ?"

ಆ ಉತ್ತರವನ್ನು ಕಾಲುವೆಗೆ ಬಂದು ಹೇಳಿದಾಗ ತುರುಸ್‌ಬೆಕ್ ಸನಿಕೆಯ ಮಣ್ಣನ್ನು ನೀರಿನಲ್ಲಿ ತೊಳೆಯುತ್ತಾರೆ. ಅದು ಆಗಲೇ ಚೊಕ್ಕವಾಗಿದೆ. ಆದರೂ ಇನ್ನೊಂದು ಸಲ ತೊಳೆಯುತ್ತಾರೆ.

"ಅಪ್ಪ ಹೇಳಿದ್ಮೇಲೆ ಹಾಗೇ ಇರುತ್ತೆ" ಎನ್ನುತ್ತಾರೆ. "ಹಸಿ ಕೋಲು ಅಂದ್ರಲ್ಲ? ಒಳ್ಳೇದಾಯ್ತು. ಒಣಗೋಕೆ ಹತ್ತು ವರ್ಷ ತಗೊಳ್ಳಲಿ, ಅಲ್ಲೀತನಕ ಜಂತೇಲೇ ಇರ್ಲಿ."