ಕ್ಲಚ್ಚಿಲ್ಲದ ಕಾರಿನ ಕಾಯಿಲೆ

ಕೂಗಾಡುವವರಿಂದ ಕೆಲಸ ಸಾಗುವುದಿಲ್ಲ ಎಂದು ನಮ್ಮ ಸ್ಟಾಫ್ ರೂಮಿನಲ್ಲಿ ನಾನು ಆಗಾಗ ಹೇಳುವುದುಂಟು. ಹೋದ ಹುರುಳಿ ಸುಗ್ಗಿಯಲ್ಲಿ ನನ್ನ ಕಾರು ಅದನ್ನು ರುಜುವಾತು ಮಾಡಲು ಹೊರಟಿತು. ಆಕ್ಸಿಲರೇಟರ್ ತುಳಿದರೆ ಎಂಜಿನ್ ಊರಿಗೆಲ್ಲ ಕೇಳುವಂತೆ ಅಬ್ಬರಿಸುವುದು, ಕಾರು ಮಾತ್ರ ತವರಿನಿಂದ ಹೊರಟ ಹೊಸ ಸೊಸೆಯಂತೆ ಕಾಲೆಳೆಯುವುದು. ಏರು ಬಂತೆಂದರೆ ಸೈಕಲ್ಲಿನವರೂ ನನ್ನನ್ನು ಹಿಂದಿಕ್ಕಿ, ತಿರುಗಿ ನೋಡಿ ಹೋಗುತ್ತಿದ್ದರು.

ನನ್ನದು ಆಟೋಮ್ಯಾಟಿಕ್ ಕಾರು. ಶೋಕಿಗೆ ಕೊಂಡದ್ದಲ್ಲ, ನನ್ನ ಎಡ ಮಂಡಿಗೆ ಕ್ಲಚ್ ತುಳಿಯುವ ತ್ರಾಣವಿಲ್ಲ. ಅದು ಬರುವ ಮೊದಲು ಪಾಂಡವಪುರದ ಮನೆಯಿಂದ ಶೀಳನೆರೆಯ ಸ್ಕೂಲಿಗೆ ಯಜಮಾನರೇ ಬಿಟ್ಟು, ಅವರೇ ಕರೆತರುತ್ತಿದ್ದರು. ಚಿನ್ನದಂಥ ಮನುಷ್ಯ. ಆದರೆ ಇನ್ನೊಬ್ಬರು ಬಿಟ್ಟು ಬರುವ ಬದುಕಿನಲ್ಲಿ ಪ್ರತಿ ಸಲವೂ ಕಾರಣ ಒಪ್ಪಿಸಬೇಕು. ಎಲ್ಲಿಗೆ, ಯಾಕೆ, ಎಷ್ಟೊತ್ತಾಗುತ್ತೆ? ಎಲ್ಲವೂ ಪ್ರೀತಿಯ ಪ್ರಶ್ನೆಗಳೇ, ಆದರೆ ಉತ್ತರ ಕೊಡುವಷ್ಟರಲ್ಲಿ ಹೋಗುವ ಮನಸ್ಸೇ ಸತ್ತುಹೋಗುತ್ತಿತ್ತು. ಹಾಗಾಗಿ ಮೈಸೂರಿನ ಗ್ಯಾರೇಜೊಂದರವರು ಗೇರ್ ಬಾಕ್ಸ್ ಪೂರ್ತಿ ಬದಲಿಸಬೇಕು, ಅದರ ಬದಲು ಕಾರನ್ನೇ ಮಾರುವುದು ಮೇಲು ಎಂದಾಗ ನನಗೆ ನಿಜಕ್ಕೂ ದುಃಖ ಬಂತು. “ಮಾರ್ಬುಡಣ ಬುಡು. ನಾನಿಲ್ವಾ?” ಎಂದರು ಯಜಮಾನರು. ಇದ್ದರಲ್ಲ, ಅದೇ ನನ್ನ ಚಿಂತೆ.

ನಾಡಿ ನೋಡುವ ವೈದ್ಯನಾಗಲು ಗುರುಕುಲದಲ್ಲಿ ವರ್ಷಗಟ್ಟಲೆ ಸೌದೆ ಒಡೆಯಬೇಕಿತ್ತಂತೆ. ಕಾರಿನ ವೈದ್ಯನಾಗಲು ನಮ್ಮ ಕಡೆ ಒಂದಿಷ್ಟು ಬಿಡುವಿದ್ದರೆ ಸಾಕು. ಬಾನೆಟ್ ಎತ್ತಿ ನಿಲ್ಲಿಸಿದರೆ ದಾರಿಹೋಕರೆಲ್ಲ ಬೈಕ್ ನಿಲ್ಲಿಸಿ ಬಗ್ಗುತ್ತಾರೆ. ನಮ್ಮ ಸ್ಕೂಲಿನ ಅಟೆಂಡರ್ ಜವರೇಗೌಡರು ಬಗ್ಗದೆಯೇ ಹೇಳಿದರು.

“ಕ್ಲಚ್ ಪ್ಲೇಟ್ ಹೋಗದೆ ಕಣ್ ಮೇಡಂ.”

“ಇದಕ್ಕೆ ಕ್ಲಚ್ಚೇ ಇಲ್ಲವಲ್ಲ ಗೌಡ್ರೇ.”

ಅವರು ಸ್ವಲ್ಪ ಯೋಚಿಸಿ, “ಅಂಗಾರೆ ಅದೇ ಕಣ್ ಮೇಡಂ ಕಾಯ್ಲೆ,” ಎಂದರು.

ಕೊನೆಗೆ ಕಾರನ್ನು ಕುಂಟಿಸಿಕೊಂಡು ಶ್ರೀರಂಗಪಟ್ಟಣದ ಅನ್ವರ್ ಭಾಯಿಯ ಶೆಡ್ಡಿಗೆ ಹೋದೆ. ಅವರು ಟೀ ಕುಡಿಯುತ್ತಲೇ ಎಂಜಿನ್ನಿನ ಸದ್ದು ಕೇಳಿ, “ಗೇರ್ ಬಾಕ್ಸ್ ಖತಂ ಮೇಡಂ,” ಎಂದು ತೀರ್ಪು ಕೊಟ್ಟರು. ಆಮೇಲೆ ಕಾರನ್ನು ಜಾಕಿಯ ಮೇಲೆತ್ತಿ ಅಡಿಗೆ ತೂರಿಕೊಂಡವರು ಅಲ್ಲಿಂದಲೇ ಕೇಳಿದರು.

“ಇದೇನ್ ಮೇಡಂ, ಕಾರಿಗೆ ಮೇವ್ ಆಕ್ತಾ ಇದ್ರಾ?”

ಮುಂದಿನ ಚಕ್ರಕ್ಕೆ ಹೋಗುವ ಆಕ್ಸಲ್ಲಿಗೆ ಹುರುಳಿ ಬಳ್ಳಿ ಹಗ್ಗ ಹೊಸೆದಂತೆ ಸುತ್ತಿಕೊಂಡಿತ್ತು. ಸ್ಕೂಲಿನ ದಾರಿಯಲ್ಲಿ ಬೂಕನಕೆರೆಯ ಹತ್ತಿರ ಸುಗ್ಗಿ ಬಂದರೆ ರಸ್ತೆಯೇ ಕಣ, ಬಂದ ಗಾಡಿಗಳೇ ಒಕ್ಕುವ ಎತ್ತು. ಬೇರೆಯವರು ಸುಮ್ಮನೆ ಹತ್ತಿಸಿಕೊಂಡು ಹೋಗುತ್ತಾರೆ. ನಾನೋ, ಅಲ್ಲಿನ ಅಜ್ಜಿಯೊಬ್ಬಳು “ಒಸಿ ಇಂದ್ಕೂ ಬಾ ನನ್ನವ್ವ,” ಎಂದಳೆಂದು ದಿನಾ ರಿವರ್ಸ್‌ನಲ್ಲೂ ಒಕ್ಕಿಕೊಟ್ಟಿದ್ದೆ. ನಮ್ಮ ತಾತನ ಕಣದ ಎತ್ತುಗಳು ತುಳಿಯುತ್ತ ತುಳಿಯುತ್ತ ಒಂದೆರಡು ಬಾಯಿ ಮೇಯುತ್ತಿದ್ದವು. ನನ್ನ ಕಾರೂ ಅದನ್ನೇ ಮಾಡಿತ್ತು. ಬಳ್ಳಿ ಬಿಗಿದು ಬಿಗಿದು, ಆಕ್ಸಲ್ ಗೇರ್ ಬಾಕ್ಸಿನೊಳಕ್ಕೆ ಹೋಗುವಲ್ಲಿನ ರಬ್ಬರ್ ಸೀಲನ್ನು ಹರಿದು, ಆಯಿಲ್ ಸೋರಿಹೋಗಿತ್ತು. ಆಟೋಮ್ಯಾಟಿಕ್ ಗೇರ್ ಬಾಕ್ಸಿಗೆ ಆ ಆಯಿಲೇ ಕಸುವು. ಅದು ಕಮ್ಮಿಯಾದರೆ ಎಂಜಿನ್ ಎಷ್ಟು ಕೂಗಿದರೂ ಚಕ್ರಕ್ಕೆ ಮುಟ್ಟುವುದಿಲ್ಲ.

“ಅಂಗ್ಳದಲ್ಲಿ ಸೋರಿರ್ಬೇಕಲ್ಲ, ನೋಡ್ಲಿಲ್ವಾ?” ಎನ್ನುತ್ತ ಅನ್ವರ್ ಭಾಯಿ ಬೆರಳು ತೋರಿಸಿದರು. ಬೆರಳ ತುದಿಗೆ ಹತ್ತಿದ್ದ ಆಯಿಲ್ ಕೆಂಪಗಿತ್ತು.

ನೋಡಿದ್ದೆ. ಚೆನ್ನಾಗಿಯೇ ನೋಡಿದ್ದೆ. ನಮ್ಮ ಪಕ್ಕದ ಮನೆಯ ಪುಟ್ಟಸ್ವಾಮಪ್ಪನವರು ಎಲೆಯಡಿಕೆ ಪ್ರಿಯರು. ಅಂಗಳದ ಕೆಂಪು ಕಲೆಗೆ ಬೇರೆ ವಿವರಣೆ ಬೇಕೆಂದು ನನಗೆ ಹೊಳೆಯಲೇ ಇಲ್ಲ. ಕಾಂಪೌಂಡಿನ ಈಚೆ ನಿಂತು, ಹೆಸರೆತ್ತದೆ, ನಾಗರಿಕತೆಯ ಬಗ್ಗೆ ದಿನವೂ ಗಟ್ಟಿಯಾಗಿ ಮಾತಾಡಿದ್ದೆ. ಪಾಪ, ಅವರು ಎಲೆಯಡಿಕೆಯನ್ನೇ ಬಿಟ್ಟರು. ಕಲೆ ಮಾತ್ರ ಹೆಚ್ಚುತ್ತಲೇ ಹೋಯಿತು. ಕದ್ದು ಹಾಕಿ ಉಗುಳುತ್ತಾರೆಂದುಕೊಂಡೆ.

ಆದರೆ ಆಗ ನಗುವ ಸ್ಥಿತಿಯಲ್ಲಿ ನಾನಿರಲಿಲ್ಲ. ಆಯಿಲ್ ಇಲ್ಲದೆ ಓಡಿಸಿದ್ದಕ್ಕೆ ಒಳಗಿನ ಪ್ಲೇಟುಗಳು ಸುಟ್ಟಿದ್ದರೆ ಮೈಸೂರಿನವರ ಮಾತೇ ನಿಜವಾಗುತ್ತಿತ್ತು. ಅನ್ವರ್ ಭಾಯಿ ಉಳಿದಿದ್ದ ಆಯಿಲನ್ನು ಬಟ್ಟಲಿಗೆ ಬಸಿದು ಮೂಸಿದರು. ಇನ್ನೊಮ್ಮೆ ಮೂಸಿದರು. ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದ ಡಾಕ್ಟರ ಮುಖ ನೋಡುವಂತೆ ನಾನು ಅವರ ಮೂಗನ್ನೇ ನೋಡುತ್ತಿದ್ದೆ.

“ಸುಟ್ಟ ವಾಸ್ನೆ ಇಲ್ಲ. ಬಚ್ ಗಯಾ ಮೇಡಂ, ಉಳ್ಕೊಂಡದೆ. ಸೀಲ್ ಆಕಿ ಆಯಿಲ್ ತುಂಬುದ್ರೆ ಆಯ್ತು.”

“ಖತಂ ಅಂದಿರಲ್ಲ?”

“ಅದು ಟೀ ಕುಡೀತಾ ಏಳಿದ್ದು,” ಎಂದರು, ಮುಖದಲ್ಲಿ ಒಂದಿಷ್ಟೂ ಮುಜುಗರವಿಲ್ಲದೆ. ನಾನು ಅಲ್ಲೇ ಬಿದ್ದಿದ್ದ ಹಳೆಯ ಟೈರಿನ ಮೇಲೆ ಕುಳಿತೆ. ಸೀರೆಗೆ ಗ್ರೀಸ್ ಮೆತ್ತಿತು, ಮೆತ್ತಲಿ ಎನ್ನಿಸಿತು. ಅಷ್ಟು ಹಗುರವಾಗಿದ್ದೆ.

ಮಾರನೆಯ ಸಂಜೆ ಕಾರು ಸಿಕ್ಕಿತು. ಪುಟ್ಟಸ್ವಾಮಪ್ಪನವರಿಗೆಂದು ಒಂದು ಕಟ್ಟು ಚಿಗುರೆಲೆ ಕೊಂಡು ಪಕ್ಕದ ಸೀಟಿನಲ್ಲಿಟ್ಟೆ. ಕಾಲಿಟ್ಟಷ್ಟಕ್ಕೇ ಕಾರು ಹೊರಟಿತು, ಸದ್ದೇ ಇಲ್ಲ. ಮನೆಯ ಕಡೆ ತಿರುಗಬೇಕಾದಲ್ಲಿ ತಿರುಗದೆ ನಾಲೆಯ ಏರಿಯ ಮೇಲೆ ಹೋಗಿ ನಿಲ್ಲಿಸಿದೆ. ಫೋನ್ ಬಂತು.

“ಎಲ್ಲಿದ್ದೀಯ?” ಎಂದರು ಯಜಮಾನರು.

“ನಾಲೆ ಏರಿ ಮೇಲೆ.”

“ಅಲ್ಲೇನ್ ಕೆಲ್ಸ?”

“ಏನೂ ಇಲ್ಲ ಕಣ್ರೀ.”

“ಸರಿ ಬುಡು, ನಿಧಾನ್ಕೆ ಬಾ,” ಎಂದರು.

ನಿಧಾನವಾಗಿಯೇ ಬಂದೆ, ನಾಗಮಂಗಲದ ಮೇಲೆ ಸುತ್ತಿಕೊಂಡು.