ಗಿರಾಕಿಗೆ ಇಲ್ಲದ ಡೀಸೆಲ್

ಅಬುಧಾಬಿಯ ಆಚೆ ಒಂದು ತೋಟಕ್ಕೆ ನೀರಿನ ಪಂಪ್ ರಿಪೇರಿಗೆ ಹೊರಟಿದ್ದೆ. ಮರಳಿನ ನಡುವೆ ಪಿಕಪ್ಪಿನ ಡೀಸೆಲ್ ಮುಗಿದು ಗಾಡಿ ನಿಂತೇಬಿಟ್ಟಿತು. ಹತ್ತಿರದಲ್ಲೇ ಒಂಟೆ ಸಾಕುವ ಅರಬ್ ಅಜ್ಜರೊಬ್ಬರ ಶೆಡ್ಡು, ಪಕ್ಕದಲ್ಲಿ ಜನರೇಟರಿಗೆಂದು ಇಟ್ಟ ಡೀಸೆಲ್ ಡ್ರಮ್ಮು. ಸ್ವಲ್ಪ ಕೊಡಿ, ದುಡ್ಡು ಕೊಡ್ತೇನೆ ಎಂದು ನನಗೆ ಬರುವ ಹಿಂದಿಯಲ್ಲಿ ಕೇಳಿದೆ.

“ಮಾಫಿ, ಇಲ್ಲ,” ಎಂದು ಅಜ್ಜ ತಲೆಯಾಡಿಸಿದರು. “ನನಗೆ ಮಾರುವ ಲೈಸೆನ್ಸ್ ಇಲ್ಲ. ದುಡ್ಡು ಮುಟ್ಟಿದರೆ ನಾನು ಕಳ್ಳ ವ್ಯಾಪಾರಿ ಆಗ್ತೇನೆ. ದಂಡ, ಟ್ಯಾಕ್ಸು, ನೂರೆಂಟು ರಗಳೆ.”

ನೆತ್ತಿ ಸುಡುವ ಬಿಸಿಲು. ಫೋನಿಗೆ ಸಿಗ್ನಲ್ ಇಲ್ಲ. ನನ್ನ ಮುಖ ಬಾಡಿದ್ದು ಕಂಡು ಅಜ್ಜ ನೆರಳಲ್ಲಿದ್ದ ಚಾಪೆ ತೋರಿಸಿದರು. “ಮೊದಲು ಕೂತ್ಕೋ.”

ಕೂತೆ. ಖರ್ಜೂರ ಬಂತು, ಏಲಕ್ಕಿ ಘಮದ ಕಹಿ ಕಾಫಿ ಬಂತು. ಊರು, ಹೆಂಡತಿ, ಮಕ್ಕಳು ಎಲ್ಲ ವಿಚಾರಿಸಿದರು. ಆಮೇಲೆ ಎದ್ದು ಹೋಗಿ ಕ್ಯಾನಿಗೆ ಡೀಸೆಲ್ ತುಂಬಿಸತೊಡಗಿದರು.

“ಲೈಸೆನ್ಸ್?” ಎಂದೆ.

“ಅದು ಗಿರಾಕಿಗೆ. ಈಗ ನೀನು ನನ್ನ ಅತಿಥಿ. ಅತಿಥಿಯನ್ನು ಬಿಸಿಲಲ್ಲಿ ನಡೆಸಿ ಕಳಿಸಿದರೆ ನನ್ನ ಮರ್ಯಾದೆ ಏನಾಗಬೇಕು? ಯಲ್ಲಾ, ಹೊರಡು.”

ಸಂಜೆ ನಮ್ಮ ಮಂಗಳೂರಿನ ಮ್ಯಾನೇಜರ್ ಫೋನ್ ಮಾಡಿ ತಡವಾದದ್ದೇಕೆ ಎಂದು ಕೇಳಿದರು. ಡೀಸೆಲ್ ಸಿಗಬೇಕಾದರೆ ಕೂತು ಕಾಫಿ ಕುಡಿಯಬೇಕಾಯಿತು ಸಾರ್, ಎಂದು ಇದ್ದದ್ದು ಇದ್ದ ಹಾಗೆ ಹೇಳಿದೆ.

“ಇದಕ್ಕಿಂತ ಒಳ್ಳೆ ಸುಳ್ಳು ಸಿಗಲಿಲ್ಲವಾ ಮಾರಾಯ?” ಎಂದರು.